ವೇಪಿಂಗ್‌ಗೆ (ಇ-ಸಿಗರೇಟಿಗೆ) ಬದಲಾದರೂ ದಿನಕ್ಕೆರಡು ಸಿಗರೇಟು ಬಿಡಲಾಗುತ್ತಿಲ್ಲ, ಏನು ಮಾಡಲಿ?

ಹೆಚ್ಚಿನವರಲ್ಲಿ ಇದಕ್ಕೆ ಕಾರಣ ನಿಕೋಟಿನ್ ಸಾಲದಿರುವುದು. ದಿನಕ್ಕೊಂದು ಪ್ಯಾಕ್ ಸೇದುತ್ತಿದ್ದವರಿಗೆ ಸಣ್ಣ ಪಾಡ್ ಸಾಧನದಲ್ಲಿ (ದ್ರವದ ಪುಟ್ಟ ಡಬ್ಬಿ ಕೂರಿಸುವ ಇ-ಸಿಗರೇಟು) ಮಿಲಿಲೀಟರಿಗೆ 3 ಮಿಲಿಗ್ರಾಂ ದ್ರವ ಏನೇನೂ ಸಾಲದು. 18–20 ಮಿಲಿಗ್ರಾಂ ನಿಕೋಟಿನ್ ಸಾಲ್ಟ್ (ಆಮ್ಲ ಬೆರೆಸಿದ ನಿಕೋಟಿನ್) ಬೇಕಾಗಬಹುದು, ಅದರಿಂದ ಗಂಟಲುರಿಯೂ ಕಡಿಮೆ. ಸಿಗರೇಟಿನಂತೆ ಜೋರಾಗಿ ಎಳೆಯಬೇಡಿ, 3–4 ಸೆಕೆಂಡು ನಿಧಾನವಾಗಿ ಎಳೆಯಿರಿ. ಸುಟ್ಟ ರುಚಿ ಬಂದರೆ ಕಾಯಿಲ್ (ದ್ರವ ಕಾಯಿಸುವ ಸುರುಳಿ) ಬದಲಿಸಿ, ದ್ರವ ತುಂಬಿ 10 ನಿಮಿಷ ನೆನೆಯಲು ಬಿಡಿ.

ಬೆಳಗಿನ ಮೊದಲ ಸಿಗರೇಟೇ ಬಿಡಲು ಅತಿ ಕಷ್ಟ, ಏಕೆಂದರೆ ರಾತ್ರಿಯಿಡೀ ರಕ್ತದಲ್ಲಿ ನಿಕೋಟಿನ್ ಇಳಿದಿರುತ್ತದೆ. ಅದಕ್ಕೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ನೆರವಾಗಬಹುದು, ವೈದ್ಯರನ್ನು ಕೇಳಿ. ಎರಡೇ ತಾನೇ ಎಂದು ದಯವಿಟ್ಟು ಸುಮ್ಮನಾಗಬೇಡಿ: ದಿನಕ್ಕೆ 20 ಸೇದುವವರಿಗಿರುವ ಹೆಚ್ಚುವರಿ ಹೃದ್ರೋಗದ ಅಪಾಯದಲ್ಲಿ ಸುಮಾರು ಅರ್ಧದಷ್ಟು ದಿನಕ್ಕೆ ಒಂದೇ ಸಿಗರೇಟು ಸೇದುವವರಿಗೂ ಇರುತ್ತದೆ. ದ್ರವದ ನಿಕೋಟಿನ್ ಪ್ರಮಾಣ ಇಳಿಸುವುದು ಸಿಗರೇಟು ಪೂರ್ತಿ ನಿಂತ ಮೇಲೆಯೇ.