ಸಾರಾಳನ್ನು ಕ್ಷಮಿಸೋಕೆ ಆಗದಿದ್ದರೆ

ಜೋಡಿ ಪಿಕೋ ಅವರ ‘ಮೈ ಸಿಸ್ಟರ್ಸ್ ಕೀಪರ್’ ಕಾದಂಬರಿ ಓದಿ ಅಮ್ಮ ಸಾರಾಳನ್ನು ಕ್ಷಮಿಸೋಕೇ ಆಗುತ್ತಿಲ್ಲ, ನಿಮಗೂ ಹಾಗೇ ಅನಿಸಿತಾ ಅಂತ ಕೇಳಿದ್ದೀರಿ. ಅನಿಸಿತು, ಅರ್ಧ ಪುಸ್ತಕದವರೆಗೆ. ಆದರೆ ಅವಳು ಹೇಳುವ ಅಧ್ಯಾಯಗಳನ್ನಷ್ಟೇ ಸಾಲಾಗಿ ಓದಿ ನೋಡಿ. ಅವು ಹಳೇ ವರ್ಷಗಳಿಂದ ಶುರುವಾಗುತ್ತವೆ, ಅಲ್ವಾ? ರಕ್ತದ ಕ್ಯಾನ್ಸರ್ ಇರುವ ದೊಡ್ಡ ಮಗಳು ಕೇಟ್‌ಳನ್ನು ಉಳಿಸೋಕೆ ಅಂತಲೇ ಹೆತ್ತ ಚಿಕ್ಕ ಮಗಳು ಆನಾ. ಆನಾಳಿಂದ ಮೊದಲು ತೆಗೆದುಕೊಂಡದ್ದು ಹೊಕ್ಕುಳಬಳ್ಳಿಯ ರಕ್ತ. ಅದರಿಂದ ಮಗುವಿಗೆ ನೋವೇ ಇಲ್ಲ. ಆಮೇಲೆ ಬಿಳಿ ರಕ್ತಕಣ, ಅಸ್ಥಿಮಜ್ಜೆ. ಕೊನೆಗೆ ಕಿಡ್ನಿ. ಮಜ್ಜೆ ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ, ಕಿಡ್ನಿ ಹೋದರೆ ಹೋಯಿತು. ಈ ವ್ಯತ್ಯಾಸ ಸಾರಾಳ ತಲೆಗೇ ಹೋಗುವುದಿಲ್ಲ. ಅದಕ್ಕೇ 13 ವರ್ಷದ ಆನಾ ಕಿಡ್ನಿ ಕೊಡಲ್ಲ ಅಂತ ಕೋರ್ಟಿಗೆ ಹೋದಾಗ ಅವಳಿಗೆ ಅಷ್ಟು ಆಘಾತ.

ನನಗೆ ಕೋಪ ಜಾಸ್ತಿ ಬಂದದ್ದು ಲೇಖಕಿ ಮೇಲೆ. ಎಲ್ಲರೂ ಕೇಟ್ ಬಗ್ಗೆಯೇ ಮಾತಾಡುತ್ತಾರೆ. ಅವಳ ಹೆಸರಿನ ಅಧ್ಯಾಯ ಬರುವುದು ಮಾತ್ರ ಕಟ್ಟಕಡೆಗೆ. ಸುಮ್ನೆ ತಿರುವಿಗಾಗಿ ಬಚ್ಚಿಟ್ಟ ಹಾಗಿದೆ.