ಟಂಗ್-ಗ್ರೂವ್ ಹಲಗೆಗೆ ಯಾವ ಕೋಡ್?

ಮಲೇಷ್ಯಾದಿಂದ ಮುಂಬೈ ಹತ್ತಿರದ ನವಾ ಶೇವಾ ಬಂದರಿಗೆ ತರಿಸುವ ಟಂಗ್-ಗ್ರೂವ್ ಹಲಗೆಗೆ (ಒಂದರ ಅಂಚು ಇನ್ನೊಂದರ ಅಂಚಿನೊಳಗೆ ಕೂರುವ ಹಲಗೆ) ಕಸ್ಟಮ್ಸ್‌ನ ಎಚ್‌ಎಸ್ ಕೋಡ್, ಅಂದರೆ ಮಾಲಿನ ವರ್ಗ ಹೇಳುವ ಸಂಖ್ಯೆ, 4407 ಹಾಕಬಹುದಾ ಅಂತ ಕೇಳಿದ್ದೀರಿ. ಬೇಡ ಸರ್. 4407 ಇರುವುದು ಉದ್ದಕ್ಕೆ ಕೊಯ್ದ, ನಯ ಮಾಡಿದ ಅಥವಾ ಮಾಡದ, 6 ಮಿ.ಮೀ.ಗಿಂತ ದಪ್ಪದ ಮರಕ್ಕೆ. ಅಂಚಿನ ಉದ್ದಕ್ಕೂ ನಾಲಿಗೆ ಅಥವಾ ಗ್ರೂವ್ ಕೊರೆದ ಒಂಟಿ ಹಲಗೆ 4409ಕ್ಕೆ ಹೋಗುತ್ತದೆ. ಪದರ ಅಂಟಿಸಿ ಜೋಡಿಸಿದ ಫ್ಲೋರಿಂಗ್ ಪ್ಯಾನೆಲ್ ಆದರೆ 4418. ಹಾಗಾಗಿ ಹಲಗೆಯ ಅಡ್ಡಕೊಯ್ತದ ಫೋಟೋ ಮೊದಲೇ ತರಿಸಿಕೊಳ್ಳಿ, ಇನ್‌ವಾಯ್ಸ್‌ನಲ್ಲಿ ಮರದ ಜಾತಿಯ ಹೆಸರೂ ಇರಲಿ. ಆಗಲೂ ಅನುಮಾನ ಉಳಿದರೆ ಮುಂಬೈನಲ್ಲೇ ಕಸ್ಟಮ್ಸ್ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರ (ಯಾವ ಕೋಡ್ ಅಂತ ಮುಂಚಿತವಾಗಿ ತೀರ್ಪು ಕೊಡುವ ಸಂಸ್ಥೆ) ಇದೆ, ಮಾಲು ಹೊರಡುವ ಮೊದಲೇ ಅರ್ಜಿ ಹಾಕಿ.

ಮಾಲು ಇಟ್ಟು ಕಳಿಸುವ ಮರದ ಪ್ಯಾಲೆಟ್ ಮೇಲೆ ಐಎಸ್‌ಪಿಎಂ 15 ಮುದ್ರೆ (ಮರದಲ್ಲಿ ಕೀಟ ಉಳಿಯದಂತೆ ಸಂಸ್ಕರಿಸಿದ್ದಾರೆ ಅನ್ನುವ ಗುರುತು) ಇದೆಯಾ ಅಂತ ಖಂಡಿತ ನೋಡಿ. ನಮ್ಮ ವಾಶಿ ಗೋದಾಮಿಗೆ ಬರಬೇಕಿದ್ದ ಕಂಟೇನರ್ ಆ ಒಂದು ಮುದ್ರೆ ಇಲ್ಲದೆ ನಾಲ್ಕು ದಿನ ನಿಂತಿತ್ತು. ಸುಮ್ನೆ ಬಾಡಿಗೆ ಕಟ್ಟಿದೆವು.