ಗೇಮ್ ಸರ್ವರ್‌ನ ಪ್ರೊಸೆಸರ್ ಬಳಕೆ ವಿಪರೀತ ಏರುತ್ತಿದೆ. ಹೆಚ್ಚು ಕೋರ್‌ಗಳಿರುವ ಯಂತ್ರಕ್ಕೆ ಹೋಗಬೇಕೇ?

ಸಂಜೆ ಆಟಗಾರರು ಸೇರುತ್ತಿದ್ದಂತೆ ಪ್ರೊಸೆಸರ್ ಬಳಕೆ ಏರುತ್ತದೆ, ಆಟ ತಡವರಿಸುತ್ತದೆ, 4 ಕೋರ್‌ಗಳ, ಅಂದರೆ ಪ್ರೊಸೆಸರ್‌ನೊಳಗೆ ಸ್ವತಂತ್ರವಾಗಿ ದುಡಿಯುವ 4 ಘಟಕಗಳ, ಯಂತ್ರ ಸಾಲದೆನಿಸಿ 16 ಕೋರ್‌ಗಳ ಯಂತ್ರದ ಮೇಲೆ ಕಣ್ಣು ಬೀಳುತ್ತದೆ. ನಿಮ್ಮ ಪ್ರಶ್ನೆ ಓದುವಾಗ ನನ್ನದೇ ಹಳೆಯ ಟಿಪ್ಪಣಿ ಓದಿದಂತಾಯಿತು. ದಯವಿಟ್ಟು ಸದ್ಯಕ್ಕೆ ಆ ಯಂತ್ರವನ್ನು ತೆಗೆದುಕೊಳ್ಳಬೇಡಿ. ನಾನು ತೆಗೆದುಕೊಂಡಿದ್ದೆ, ಅದರಿಂದ ಆಟ ಮೊದಲಿಗಿಂತ ಹದಗೆಟ್ಟಿತು.

ನಾನು ನಡೆಸುತ್ತಿದ್ದುದು ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯ ಸರ್ವರ್. ರಾತ್ರಿ 30 ಜನರವರೆಗೆ ಸೇರುತ್ತಿದ್ದರು. ಕೆಲವರು ತಿಂಗಳುಗಟ್ಟಲೆ ಕೂತು ಇಡೀ ಊರುಗಳನ್ನೇ ಕಟ್ಟಿದ್ದರು. ಒಂದು ಹಂತದ ನಂತರ ಒಡೆದ ಕಲ್ಲು ಕ್ಷಣಕಾಲದಲ್ಲಿ ಮತ್ತೆ ಅದೇ ಜಾಗದಲ್ಲಿ ಕಾಣಿಸಿಕೊಳ್ಳತೊಡಗಿತು, ಬಾಗಿಲುಗಳು ತಡವಾಗಿ ತೆರೆಯುತ್ತಿದ್ದವು, ಸರ್ವರ್ ಇಷ್ಟು ಮಿಲಿಸೆಕೆಂಡ್ ಹಿಂದೆ ಬಿದ್ದಿದೆ ಎಂಬ ಎಚ್ಚರಿಕೆ ಲಾಗ್‌ನಲ್ಲಿ ಪದೇ ಪದೇ ಬರುತ್ತಿತ್ತು. ನಿಯಂತ್ರಣ ಫಲಕ ತೆರೆದರೆ ಪ್ರೊಸೆಸರ್ ಬಳಕೆ ಶೇ 130 ಎಂದು ಕೆಂಪು ಬಣ್ಣದಲ್ಲಿ ತೋರಿಸುತ್ತಿತ್ತು. ನೂರನ್ನು ದಾಟಿದೆ ಎಂದರೆ ಯಂತ್ರದ ಶಕ್ತಿ ಮುಗಿದಿದೆ ಎಂದೇ ನಾನು ಅರ್ಥಮಾಡಿಕೊಂಡೆ. 3.8 ಗಿಗಾಹರ್ಟ್ಸ್‌ನ 4 ಕೋರ್‌ಗಳನ್ನು ಬಿಟ್ಟು 2.4 ಗಿಗಾಹರ್ಟ್ಸ್‌ನ 16 ಕೋರ್‌ಗಳಿರುವ ಯಂತ್ರವನ್ನು ಮೂರು ತಿಂಗಳಿಗೆ ಮುಂಗಡ ಕೊಟ್ಟು ಬಾಡಿಗೆಗೆ ಪಡೆದು, ಎರಡು ರಾತ್ರಿ ನಿದ್ದೆಗೆಟ್ಟು ಎಲ್ಲವನ್ನೂ ಅಲ್ಲಿಗೆ ಸಾಗಿಸಿದೆ.

ಹೊಸ ಯಂತ್ರದಲ್ಲಿ ಒಟ್ಟು ಬಳಕೆ ಶೇ 8ರ ಆಸುಪಾಸಿಗೆ ಇಳಿದಿತ್ತು. ಕೆಲಸ ಮುಗಿಯಿತೆಂದು ನಾನು ಎಲ್ಲರಿಗೂ ತಿಳಿಸಿದೆ. ಅಂದು ಸಂಜೆ 30 ಜನ ಒಳಬಂದಾಗ ಆಟ ಅರ್ಧ ವೇಗದಲ್ಲಿ ನಡೆಯುತ್ತಿತ್ತು.

ನಾನು ಮಾಡಿದ ತಪ್ಪನ್ನು ಇಲ್ಲಿ ಸಾವಕಾಶವಾಗಿ ವಿವರಿಸುತ್ತೇನೆ, ಏಕೆಂದರೆ ನೀವು ಈಗ ಅದರ ಹೊಸ್ತಿಲಲ್ಲೇ ನಿಂತಿದ್ದೀರಿ. ಮೈನ್‌ಕ್ರಾಫ್ಟ್ ಸರ್ವರ್ ತನ್ನ ಜಗತ್ತನ್ನು ಸೆಕೆಂಡಿಗೆ 20 ಬಾರಿ ಮುಂದಕ್ಕೆ ಸರಿಸುತ್ತದೆ. ಹಾಗೆ ಸರಿಸುವ ಒಂದೊಂದು ಹೆಜ್ಜೆಯೂ ಒಂದು ಟಿಕ್. ಪ್ರತಿ ಟಿಕ್‌ಗೆ ಇರುವ ಸಮಯ 50 ಮಿಲಿಸೆಕೆಂಡ್. ಪ್ರಾಣಿಗಳ ನಡಿಗೆ, ಬೆಳೆಯ ಬೆಳವಣಿಗೆ, ಯಂತ್ರಗಳ ಚಲನೆ, ಆಟಗಾರರ ಕ್ರಿಯೆಗಳು ಇವೆಲ್ಲವೂ ಬಹುಮಟ್ಟಿಗೆ ಒಂದೇ ಥ್ರೆಡ್‌ನಲ್ಲಿ, ಅಂದರೆ ಆದೇಶಗಳ ಒಂದೇ ಸರಣಿಯಲ್ಲಿ, ಒಂದರ ನಂತರ ಒಂದಾಗಿ ನಡೆಯುತ್ತವೆ. ಒಂದು ಥ್ರೆಡ್ ಒಂದು ಕ್ಷಣದಲ್ಲಿ ಒಂದೇ ಕೋರ್ ಮೇಲೆ ಓಡಬಲ್ಲದು. ಆದ್ದರಿಂದ ಪಕ್ಕದಲ್ಲಿ ಮೂರು ಕೋರ್‌ಗಳು ಖಾಲಿ ಇದ್ದರೂ, ಹದಿನೈದು ಖಾಲಿ ಇದ್ದರೂ ಆ ಥ್ರೆಡ್‌ನ ಹೊರೆ ಒಂದು ಗುಲಗಂಜಿಯಷ್ಟೂ ಇಳಿಯುವುದಿಲ್ಲ.

ಫಲಕ ತೋರಿಸಿದ ಶೇ 130ರಲ್ಲಿ ಶೇ 100 ಎಂದರೆ ಪೂರ್ತಿ ದುಡಿಯುತ್ತಿದ್ದ ಒಂದು ಕೋರ್ ಎಂದರ್ಥ. ನನ್ನ ಯಂತ್ರದ ಮಿತಿ ಶೇ 400 ಆಗಿತ್ತು. ಆ ಒಂದು ಕೋರ್ ಮುಖ್ಯ ಥ್ರೆಡ್‌ನದ್ದು, ಉಳಿದ ಶೇ 30 ನೆಟ್‌ವರ್ಕ್ ಮತ್ತು ಜಾವಾದ ಸ್ಮೃತಿ ಶುಚಿಗೊಳಿಸುವ ಕೆಲಸದ್ದು. 16 ಕೋರ್‌ಗಳ ಯಂತ್ರದಲ್ಲಿ ಇಷ್ಟೇ ಕೆಲಸವನ್ನು ಹದಿನಾರರಿಂದ ಭಾಗಿಸಿ ಶೇ 8 ಎಂದು ತೋರಿಸಲಾಗುತ್ತಿತ್ತು. ಅಂದರೆ ಹೊರೆ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ, ಭಾಜಕವಷ್ಟೇ ದೊಡ್ಡದಾಗಿತ್ತು. ಅತ್ತ ಮುಖ್ಯ ಥ್ರೆಡ್‌ಗೆ ಸಿಕ್ಕಿದ್ದು ಮೊದಲಿಗಿಂತ ನಿಧಾನವಾದ ಕೋರ್. ಹಳೆಯ ಯಂತ್ರದಲ್ಲಿ ಒಂದು ಟಿಕ್‌ಗೆ ಸುಮಾರು 60 ಮಿಲಿಸೆಕೆಂಡ್ ಹಿಡಿಯುತ್ತಿತ್ತು, ಹಾಗಾಗಿ ಸೆಕೆಂಡಿಗೆ 16 ಟಿಕ್‌ಗಳಾದರೂ ಆಗುತ್ತಿದ್ದವು. ಹೊಸದರಲ್ಲಿ ಅದು 95ಕ್ಕೆ ಏರಿ, ಸೆಕೆಂಡಿಗೆ 10 ಟಿಕ್ ಆಗುವುದೇ ಕಷ್ಟವಾಯಿತು. ಎರಡೂ ಯಂತ್ರಗಳ ಗಿಗಾಹರ್ಟ್ಸ್‌ಗಳನ್ನು ಮುಂದಿಟ್ಟುಕೊಂಡು ಒಂದು ಗುಣಾಕಾರ, ಒಂದು ಭಾಗಾಕಾರ ಮಾಡಿದ್ದರೆ ದುಡ್ಡು ಕೊಡುವ ಮೊದಲೇ ಇದು ತಿಳಿಯುತ್ತಿತ್ತು. ನಾನು ಅದನ್ನು ಮಾಡಲಿಲ್ಲ. ಆ ವಾರದಲ್ಲಿ ಆಡುವವರಲ್ಲಿ ಅರ್ಧದಷ್ಟು ಜನ ಬರುವುದನ್ನು ಬಿಟ್ಟರು, ಅವರಲ್ಲಿ ಹೆಚ್ಚಿನವರು ಮರಳಿ ಬರಲಿಲ್ಲ. ಅವರು ಕಟ್ಟಿದ ಊರುಗಳು ಇಂದಿಗೂ ನನ್ನ ಬ್ಯಾಕಪ್‌ನಲ್ಲಿವೆ.

ಕಾರಣ ಕೊನೆಗೆ ಸಿಕ್ಕ ಬಗೆ ಹೀಗಿದೆ. ಲಿನಕ್ಸ್‌ನಲ್ಲಿ ಟಾಪ್ ಆದೇಶ ಕೊಟ್ಟು, ದೊಡ್ಡಕ್ಷರದ ಎಚ್ ಒತ್ತಿದರೆ ಪ್ರಕ್ರಿಯೆಗಳ ಬದಲು ಥ್ರೆಡ್‌ಗಳು ಬಿಡಿಬಿಡಿಯಾಗಿ ಕಾಣುತ್ತವೆ. ‘ಸರ್ವರ್ ಥ್ರೆಡ್’ ಎಂಬ ಒಂದೇ ಸಾಲು ಶೇ 99ರ ಮೇಲೆ ಕದಲದೆ ನಿಂತಿತ್ತು, ಉಳಿದವು ನಿದ್ರಿಸುತ್ತಿದ್ದವು. ಆಮೇಲೆ ಯಾವ ಕೆಲಸಕ್ಕೆ ಎಷ್ಟು ಸಮಯ ಹೋಗುತ್ತಿದೆ ಎಂದು ಅಳೆಯುವ ಸ್ಪಾರ್ಕ್ ಎಂಬ ಪ್ರೊಫೈಲರ್ ಹಾಕಿ, ಜನ ತುಂಬಿದ್ದ ಹೊತ್ತಿನಲ್ಲಿ ಹತ್ತು ನಿಮಿಷ ಅಳತೆ ತೆಗೆದೆ. ಟಿಕ್‌ನ ಅರ್ಧಕ್ಕಿಂತ ಹೆಚ್ಚು ಸಮಯವನ್ನು ತಿನ್ನುತ್ತಿದ್ದುದು ಮುಖ್ಯ ಊರಿನ ವ್ಯಾಪಾರ ಮಳಿಗೆಯಲ್ಲಿ ಆಟಗಾರರು ಕೂಡಿಹಾಕಿದ್ದ 240 ಗ್ರಾಮಸ್ಥರು. 2019ರ 1.14ನೇ ಆವೃತ್ತಿಯಿಂದ ಈ ಗ್ರಾಮಸ್ಥ ಪಾತ್ರಗಳು ತಮ್ಮ ಹಾಸಿಗೆ ಮತ್ತು ಕೆಲಸದ ಜಾಗವನ್ನು ಹುಡುಕಿ ಅಲ್ಲಿಗೆ ದಾರಿ ಲೆಕ್ಕ ಹಾಕುತ್ತವೆ. ಅವುಗಳನ್ನು ಗೂಡಿನಂಥ ಕೋಣೆಗಳಲ್ಲಿ ಮುಚ್ಚಿಟ್ಟಿದ್ದರಿಂದ ಸಿಗದ ದಾರಿಯನ್ನು ಅವು ಮತ್ತೆ ಮತ್ತೆ ಹುಡುಕುತ್ತಲೇ ಇದ್ದವು.

ಆಟಗಾರರೊಡನೆ ಮಾತಾಡಿ ಗ್ರಾಮಸ್ಥರ ಸಂಖ್ಯೆಯನ್ನು 80ಕ್ಕೆ ಇಳಿಸಿದೆವು. ಆಟಗಾರನ ಸುತ್ತ ಎಷ್ಟು ದೂರದವರೆಗೆ ಜಗತ್ತು ಚಲಿಸುತ್ತಿರಬೇಕು ಎಂಬುದನ್ನು ನಿರ್ಧರಿಸುವ ಸಿಮ್ಯುಲೇಶನ್ ಡಿಸ್ಟೆನ್ಸ್ ಅನ್ನು 10ರಿಂದ 6ಕ್ಕೆ ತಂದೆ. ಈ ಬದಲಾವಣೆ ಕೇಳಲು ಸಣ್ಣದು. ಆದರೆ ಒಬ್ಬೊಬ್ಬ ಆಟಗಾರನ ಸುತ್ತ 21ಕ್ಕೆ 21ರಂತೆ 441 ಚಂಕ್‌ಗಳನ್ನು, ಅಂದರೆ ಆಟದ ಜಗತ್ತಿನ ಚೌಕ ತುಂಡುಗಳನ್ನು, ನಡೆಸುತ್ತಿದ್ದ ಸರ್ವರ್ ಈಗ 13ಕ್ಕೆ 13ರಂತೆ 169ನ್ನು ನಡೆಸಿದರೆ ಸಾಕು. ಟಿಕ್ 95ರಿಂದ 40 ಮಿಲಿಸೆಕೆಂಡಿಗೆ ಇಳಿಯಿತು, ಅದೂ ಆ ನಿಧಾನದ ಯಂತ್ರದಲ್ಲೇ. ಮೂರು ತಿಂಗಳ ನಂತರ ಹಳೆಯ 4 ಕೋರ್‌ಗಳ ಯಂತ್ರಕ್ಕೆ ಮರಳಿದಾಗ 25ರ ಸುಮಾರಿಗೆ ನಿಂತಿತು. ಮೊದಲ ದಿನದಿಂದಲೂ ಆ ಯಂತ್ರ ಸಾಕಷ್ಟು ಸಮರ್ಥವಾಗಿಯೇ ಇತ್ತು.

ಆದ್ದರಿಂದ ‘ಪ್ರೊಸೆಸರ್ ಬಳಕೆಯನ್ನು ಹೇಗೆ ಇಳಿಸಲಿ’ ಎಂಬ ಪ್ರಶ್ನೆಯನ್ನೇ ಬದಿಗಿಡಿ ಎನ್ನುತ್ತೇನೆ. ಟಿಕ್ ತನ್ನ ಸಮಯದೊಳಗೆ ಮುಗಿಯುತ್ತಿದ್ದರೆ ಬಳಕೆ ಎಷ್ಟಿದ್ದರೂ ಆಟಗಾರರಿಗೆ ತೊಂದರೆಯಿಲ್ಲ. ಮುಗಿಯದಿದ್ದರೆ ಶೇ 8 ಎಂದು ತೋರಿದರೂ ಆಟ ಹಾಳಾಗಿರುತ್ತದೆ. ನಿಮ್ಮದು ಯಾವ ಆಟ ಎಂದು ನೀವು ಬರೆದಿಲ್ಲ. ಸೆಕೆಂಡಿಗೆ 64 ಟಿಕ್‌ಗಳ ಶೂಟಿಂಗ್ ಆಟವಾದರೆ ಸಿಗುವ ಸಮಯ 15.6 ಮಿಲಿಸೆಕೆಂಡ್ ಮಾತ್ರ, 128 ಆದರೆ ಅದರ ಅರ್ಧ. ಅಂಥಲ್ಲಿ ಸರಾಸರಿ ನೋಡಿ ಸಮಾಧಾನಪಡಬೇಡಿ, ನಡುನಡುವೆ ಬರುವ ಅತಿ ಉದ್ದದ ಟಿಕ್‌ಗಳನ್ನು ನೋಡಿ. ಒಬ್ಬ ಆಟಗಾರನೂ ಇಲ್ಲದಿರುವಾಗಲೇ ಒಂದು ಕೋರ್ ಪೂರ್ತಿ ಉರಿಯುತ್ತಿದ್ದರೆ ಸಂಗತಿ ಬೇರೆ. ಯೂನಿಟಿ ಎಂಬ ಆಟ ತಯಾರಿಸುವ ತಂತ್ರಾಂಶದಲ್ಲಿ ಮಾಡಿದ ಕೆಲವು ಸರ್ವರ್‌ಗಳು, ಸೆಕೆಂಡಿಗೆ ಇಷ್ಟೇ ಸುತ್ತು ಎಂಬ ಫ್ರೇಮ್ ಮಿತಿ ಹಾಕದಿದ್ದರೆ, ಸಾಧ್ಯವಾದಷ್ಟು ವೇಗವಾಗಿ ಸುತ್ತುತ್ತಲೇ ಇರುತ್ತವೆ. ಮಿತಿ ಹಾಕಿದರೆ ಅದು ನಿಲ್ಲುತ್ತದೆ.

ಯಂತ್ರವನ್ನೇ ಅನುಮಾನಿಸಬೇಕಾದ ಸಂದರ್ಭಗಳೂ ಉಂಟು. ಟಾಪ್‌ನ ಮೇಲಿನ ಸಾಲಿನಲ್ಲಿ ಎಸ್‌ಟಿ ಎಂಬ ಅಂಕಿಯಿದೆ. ನಿಮ್ಮದು ವರ್ಚುವಲ್ ಯಂತ್ರವಾಗಿದ್ದು ಅದು ಸೊನ್ನೆಯಿಂದ ಗಣನೀಯವಾಗಿ ಮೇಲಿದ್ದರೆ, ನಿಮ್ಮ ಪಾಲಿನ ಪ್ರೊಸೆಸರ್ ಸಮಯ ಅದೇ ಭೌತಿಕ ಯಂತ್ರದ ಬೇರೆಯವರಿಗೆ ಹೋಗುತ್ತಿದೆ. ಅದೇ ಸಾಲಿನ ಡಬ್ಲ್ಯುಎ ಏರಿದ್ದರೆ ಸರ್ವರ್ ಡಿಸ್ಕ್‌ಗಾಗಿ ಕಾಯುತ್ತಿದೆ ಎಂದರ್ಥ, ಮತ್ತು ಲಿನಕ್ಸ್‌ನ ಲೋಡ್ ಆವರೇಜ್ ಎಂಬ ಸರಾಸರಿ ಹೊರೆಯ ಅಂಕಿ ಹೀಗೆ ಕಾಯುವ ಕೆಲಸಗಳನ್ನೂ ಎಣಿಸುವುದರಿಂದ ಪ್ರೊಸೆಸರ್ ಬಿಡುವಾಗಿದ್ದಾಗಲೂ ಆ ಸಂಖ್ಯೆ ಹೆದರಿಸುತ್ತದೆ. ಜಾವಾ ಸರ್ವರ್‌ಗೆ ಕೊಟ್ಟ ಸ್ಮೃತಿ ತೀರ ಬಿಗಿಯಾಗಿದ್ದರೆ ಸ್ಮೃತಿ ಶುಚಿಗೊಳಿಸುವ ಗಾರ್ಬೇಜ್ ಕಲೆಕ್ಟರ್‌ನ ಹಲವು ಥ್ರೆಡ್‌ಗಳು ಒಟ್ಟಿಗೆ ಏಳುತ್ತವೆ. ಸರ್ವರನ್ನು ಪ್ರತ್ಯೇಕವಾಗಿ ಓಡಿಸುವ ಆವರಣವಾದ ಕಂಟೇನರ್‌ಗೆ 2 ಕೋರ್‌ಗಳ ಮಿತಿ ಇಟ್ಟಿರುವಾಗ ಅಂಥ 8 ಥ್ರೆಡ್‌ಗಳು ಎದ್ದರೆ, ಪ್ರತಿ 100 ಮಿಲಿಸೆಕೆಂಡ್‌ಗೆ ಮೀಸಲಾದ ಪಾಲು 25 ಮಿಲಿಸೆಕೆಂಡ್‌ನಲ್ಲೇ ತೀರಿ, ಉಳಿದ 75 ಮಿಲಿಸೆಕೆಂಡ್ ಮುಖ್ಯ ಥ್ರೆಡ್ ಸಹಿತ ಎಲ್ಲವೂ ಸ್ತಬ್ಧವಾಗುತ್ತವೆ. ಇದು ಸರಾಸರಿ ಬಳಕೆಯ ನಕ್ಷೆಯಲ್ಲಿ ಕಾಣುವುದೇ ಇಲ್ಲ.

ಇವೆಲ್ಲ ಸರಿಯಿದ್ದು, ಪ್ರೊಫೈಲರ್‌ನಲ್ಲಿಯೂ ಕಿತ್ತುಹಾಕುವಂಥದ್ದು ಏನೂ ಸಿಗದಿದ್ದರೆ ಮಾತ್ರ ಹೊಸ ಯಂತ್ರದ ಯೋಚನೆ ಮಾಡಿ. ಆಗಲೂ ಕೋರ್‌ಗಳ ಸಂಖ್ಯೆಗಿಂತ ಒಂದೊಂದು ಕೋರ್‌ನ ವೇಗಕ್ಕೆ ಹಣ ಕೊಡಿ. ಇಂದು ಸಂಜೆ ಜನ ತುಂಬಿರುವಾಗ ಟಿಕ್ ಎಷ್ಟು ಮಿಲಿಸೆಕೆಂಡ್ ಹಿಡಿಯಿತು, ಯಾವ ಥ್ರೆಡ್ ಎಷ್ಟು ಬಳಸಿತು, ಎಸ್‌ಟಿ ಎಷ್ಟಿತ್ತು ಎಂಬುದನ್ನು ಆಟದ ಹೆಸರಿನೊಂದಿಗೆ ಪ್ರಶ್ನೆಗೆ ಸೇರಿಸಿ. ನಾನು ನೋಡಿ ಉತ್ತರಿಸುತ್ತೇನೆ. ಅಲ್ಲಿಯವರೆಗೆ ಆ ಮುಂಗಡ ಹಣ ನಿಮ್ಮ ಬಳಿಯೇ ಇರಲಿ.